ಡಿಎಸ್‌ಬಿ-2 ಹುಳು: ಒಂದೇ ತಳಿ, ಇಬ್ಬರ ಎಣಿಕೆ ಬೇರೆ ಬೇರೆ. ಎಲ್ಲಿ ಎಡವುತ್ತಿದ್ದೇವೆ?

ಹುಳುಹಿಂದೆ:
ಸಿ. ಎಲಿಗನ್ಸ್‌ನಲ್ಲಿ ಡಿಎಸ್‌ಬಿ-2 ಜೀನ್ ಕೆಟ್ಟಿರುವ ತಳಿಯ ಮಿಯೋಸಿಸ್ (ಅಂಡಾಣು, ವೀರ್ಯಾಣು ಆಗುವಾಗಿನ ಕೋಶ ವಿಭಜನೆ) ನೋಡುತ್ತಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಅದರ ಡಯಾಕೈನೆಸಿಸ್ ಹಂತದ ಅಂಡಾಣುಗಳಲ್ಲಿ ಡಾಪಿ ಬಾಡಿ (ಡಾಪಿ ಬಣ್ಣ ಹಾಕಿದಾಗ ಹೊಳೆಯುವ ವರ್ಣತಂತು ಗಂಟುಗಳು) ಎಣಿಸಿದರೆ ನನಗೆ 8, 9, ಕೆಲವದರಲ್ಲಿ 10 ಬರುತ್ತದೆ. ಜೊತೆಗಾರರು ಅದೇ ತಳಿಯನ್ನು ಅದೇ ಮೈಕ್ರೋಸ್ಕೋಪಿನಲ್ಲಿ ಎಣಿಸಿದರೆ ಹೆಚ್ಚುಕಡಿಮೆ ಎಲ್ಲವೂ 11, 12. ಸಾಮಾನ್ಯ ತಳಿಯಲ್ಲಿ ಇಬ್ಬರಿಗೂ 6 ಸಿಗುತ್ತದೆ. ತಳಿ ಕಲಬೆರಕೆಯಾಗಿದೆಯೇನೋ ಎಂದು ಪಿಸಿಆರ್ ಮಾಡಿಸಿದೆ, ಎರಡೂ ಪ್ಲೇಟಿನಲ್ಲಿ ಅದೇ ಮ್ಯುಟೇಶನ್. ಬೆಳೆಸಿದ್ದೂ 20 ಡಿಗ್ರಿಯಲ್ಲೇ.

ಇನ್ನೊಂದು ವಿಷಯ, ಉಪಯೋಗಕ್ಕೆ ಬರುತ್ತದೋ ಇಲ್ಲವೋ: ಹುಳು ಮೊದಮೊದಲು ಇಟ್ಟ ಮೊಟ್ಟೆಗಳಲ್ಲಿ ಒಂದಷ್ಟು ಮರಿಯಾಗುತ್ತವೆ, ಆಮೇಲಿನವು ಬಹುತೇಕ ಸಾಯುತ್ತವೆ. ಬದುಕಿದ ಮರಿಗಳಲ್ಲಿ ಗಂಡು ಜಾಸ್ತಿ.

ಗಾಜುಪಟ್ಟಿ:
ಸ್ಟ್ಯಾಕ್ (ಬೇರೆ ಬೇರೆ ಆಳದ ಚಿತ್ರಗಳ ಸರಣಿ) ತೆಗೆದು ಎಣಿಸುತ್ತೀರಾ, ಅಥವಾ ಐಪೀಸಿನಲ್ಲಿ ಫೋಕಸ್ ತಿರುಗಿಸುತ್ತಲೇ ಎಣಿಸುತ್ತೀರಾ? ಒಂದರ ಮೇಲೊಂದು ಕೂತ ಎರಡು ಬಾಡಿ ಮೇಲಿಂದ ನೋಡಿದರೆ ಒಂದೇ ಎನಿಸುತ್ತದೆ. ನಿಮ್ಮ ಲೆಕ್ಕ ಕಡಿಮೆ ಬರುವುದಕ್ಕೆ ಅಷ್ಟೇ ಕಾರಣ ಇರಬಹುದು. ಕವರ್‌ಸ್ಲಿಪ್ ಜೋರಾಗಿ ಒತ್ತಬೇಡಿ, ಅಂಡಾಣು ಚಪ್ಪಟೆಯಾದರೆ ಪಕ್ಕದ ಅಂಡಾಣುವಿನದ್ದೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹುಳುಹಿಂದೆ:
0.2 ಮೈಕ್ರಾನ್ ಅಂತರದ ಸ್ಟ್ಯಾಕ್. ವೀರ್ಯಾಣು ಇರುವ ಚೀಲಕ್ಕೆ (ಸ್ಪರ್ಮಥೀಕಾ) ತಾಗಿಕೊಂಡಿರುವ ಕೊನೆಯ ಅಂಡಾಣು ಮಾತ್ರ ಎಣಿಸುತ್ತೇವೆ. ಒಬ್ಬರ ಚಿತ್ರವನ್ನು ಇನ್ನೊಬ್ಬರು ಎಣಿಸಿದರೂ ಅದೇ ಸಂಖ್ಯೆ ಬಂತು. ಅಂದರೆ ವ್ಯತ್ಯಾಸ ಚಿತ್ರದಲ್ಲೇ ಇದೆ.

ಪ್ಯಾಕಿಟೀನ್:
ಹಾಗಿದ್ದರೆ ಎಣಿಕೆ ಬಿಡಿ. ಹುಳುವಿನ ವಯಸ್ಸೆಷ್ಟು? ಎಲ್4 ಹಂತದಿಂದ (ಹುಳು ದೊಡ್ಡದಾಗುವ ಮುಂಚಿನ ಕೊನೆಯ ಮರಿ ಹಂತ) ಎಷ್ಟು ಗಂಟೆಗೆ ಕತ್ತರಿಸುತ್ತೀರಿ? ಮೊಟ್ಟೆಯ ಬಗ್ಗೆ ನೀವು ಬರೆದ ಆ ಕೊನೆಯ ಸಾಲು ನೋಡಿಯೇ ಕೇಳುತ್ತಿದ್ದೇನೆ.

ಹುಳುಹಿಂದೆ:
ಗಂಟೆ ಬರೆದಿಟ್ಟಿಲ್ಲ. ಈಗ ವಿಚಾರಿಸಿದೆ. ನಾನು ಆಗತಾನೆ ದೊಡ್ಡದಾದ, ಹೊಟ್ಟೆಯಲ್ಲಿ ನಾಲ್ಕೈದು ಮೊಟ್ಟೆ ಇರುವಂಥವನ್ನು ಆರಿಸುತ್ತೇನೆ. ಅವರು ಮೊಟ್ಟೆ ತುಂಬಿ ದಪ್ಪಗಾದವನ್ನು ಆರಿಸುತ್ತಾರಂತೆ, ಕತ್ತರಿಸಿದ ಕೂಡಲೇ ಗೊನ್ಯಾಡ್ (ಅಂಡಾಣು ಬೆಳೆಯುವ ಅಂಗ) ಚೆನ್ನಾಗಿ ಹೊರಗೆ ಜಿಗಿಯುತ್ತದೆ ಅಂತ.

ಪ್ಯಾಕಿಟೀನ್:
ಸಿಕ್ಕಿತು. ನಿಮ್ಮಿಬ್ಬರ ಲೆಕ್ಕವೂ ಸರಿ. ಡಿಎಸ್‌ಬಿ-2 ಇಲ್ಲದ ಹುಳುವಿನ ತೊಂದರೆ ವಯಸ್ಸಾದಂತೆ ಹೆಚ್ಚುತ್ತದೆ. 2013ರಲ್ಲಿ ಈ ಜೀನ್‌ ಬಗ್ಗೆ ಬಂದ ಮೊದಲ ವರದಿಯಲ್ಲೇ ಇದು ಇದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ನನಗೆ ತುಂಬ ಇಷ್ಟವಾದ ಭಾಗ. ಈ ಹುಳುವಿನಲ್ಲಿ ಆರು ಜೋಡಿ ವರ್ಣತಂತು. ಪ್ರತಿ ಜೋಡಿಗೆ ಸಾಮಾನ್ಯವಾಗಿ ಒಂದೇ ಒಂದು ಕ್ರಾಸ್‌ಓವರ್, ಅಂದರೆ ಜೋಡಿಯ ಎರಡು ವರ್ಣತಂತು ತುಂಡು ಅದಲುಬದಲು ಮಾಡಿಕೊಳ್ಳುವುದು. ಆ ಒಂದು ಕೊಂಡಿ ಇದ್ದರೆ ಜೋಡಿ ಒಟ್ಟಿಗೆ ನಿಲ್ಲುತ್ತದೆ, ನಿಮಗೆ 6 ಕಾಣುತ್ತದೆ. ಒಂದೂ ಇಲ್ಲದಿದ್ದರೆ ಎಲ್ಲವೂ ಬಿಡಿಬಿಡಿಯಾಗಿ 12. ನಿಮ್ಮ 9ನ್ನು ತೆಗೆದುಕೊಳ್ಳಿ: ಮೂರು ಜೋಡಿಗೆ ಕೊಂಡಿ ಬಿದ್ದಿದೆ, ಉಳಿದ ಮೂರು ಜೋಡಿ ಆರು ಬಿಡಿ ವರ್ಣತಂತುಗಳಾಗಿವೆ. ಚಿತ್ರದಲ್ಲಿ ಗಾತ್ರವನ್ನೂ ನೋಡಿ, ಕೊಂಡಿ ಬಿದ್ದವು ಉದ್ದಕ್ಕೆ, ಕೆಲವು ಶಿಲುಬೆಯ ಆಕಾರದಲ್ಲಿರುತ್ತವೆ. ಬಿಡಿಯಾದವು ಚಿಕ್ಕವು, ದುಂಡಗಿರುತ್ತವೆ.

ಕ್ರಾಸ್‌ಓವರ್ ಆಗಬೇಕಾದರೆ ಮೊದಲು ಡಿಎನ್‌ಎಯ ಎರಡೂ ಎಳೆ ತುಂಡಾಗಬೇಕು. ಕತ್ತರಿಸುವುದು ಸ್ಪೋ-11 ಎಂಬ ಪ್ರೋಟೀನ್. ಆದರೆ ಸ್ಪೋ-11 ತಾನಾಗಿ ಕತ್ತರಿ ಹಾಕುವುದಿಲ್ಲ, ಡಿಎಸ್‌ಬಿ-1, ಡಿಎಸ್‌ಬಿ-2 ಎಂಬ ಅಕ್ಕತಂಗಿ ಪ್ರೋಟೀನ್‌ಗಳು ವರ್ಣತಂತುಗಳ ಮೇಲೆ ಕೂತಿರಬೇಕು. ಅವು ಕೂರುವುದಕ್ಕೆ ಚೆಕ್-2 ಎಂಬ ಕೈನೇಸ್ (ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಬೇಕು. ಎಲ್ಲ ಜೋಡಿಗೂ ಕ್ರಾಸ್‌ಓವರ್‌ನ ಪೂರ್ವಸಿದ್ಧತೆ ಆಯಿತೆಂದರೆ ಇವೆರಡೂ ಜಾಗ ಖಾಲಿ ಮಾಡುತ್ತವೆ. ಒಂದೇ ಒಂದು ಜೋಡಿಗೆ ಆಗದಿದ್ದರೂ ಇಡೀ ನ್ಯೂಕ್ಲಿಯಸ್ಸಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಒಂದು ಜೋಡಿಯ ಕೊರತೆ ಉಳಿದ ಐದಕ್ಕೂ ಗೊತ್ತಾಗುವ ಹಾಗೆ! ನಾನು ಮೊದಲು ಓದಿದಾಗ ಪುಟ ತಿರುಗಿಸಲು ಮನಸ್ಸಾಗಲಿಲ್ಲ.

ಡಿಎಸ್‌ಬಿ-1 ಪೂರ್ತಿ ಇಲ್ಲದಿದ್ದರೆ ಕಡಿತವೇ ಆಗುವುದಿಲ್ಲ, ಎಳೆಯದಾಗಲಿ ಮುದಿಯಾಗಲಿ 12. ಡಿಎಸ್‌ಬಿ-2 ಇಲ್ಲದಿದ್ದರೆ ಡಿಎಸ್‌ಬಿ-1 ಪ್ರಮಾಣ ಕುಗ್ಗಿದರೂ ಸ್ವಲ್ಪ ಉಳಿದಿರುತ್ತದೆ, ಹಾಗಾಗಿ ಎಳೆಯ ಹುಳುವಿನಲ್ಲಿ ಅಷ್ಟಿಷ್ಟು ಕಡಿತ ಆಗುತ್ತದೆ. ಯಾವ ಜೋಡಿಗೆ ಬಿತ್ತೋ ಅದಕ್ಕೆ ಕೊಂಡಿ, ಬೀಳದ್ದಕ್ಕೆ ಇಲ್ಲ. ನಿಮ್ಮ 8, 9, 10ರ ಏರಿಳಿತ ಅದೇ. ದಿನ ಕಳೆದರೆ ಅದೂ ಹೋಗುತ್ತದೆ.

ಮೊಟ್ಟೆಗಳ ಕಥೆಯೂ ಇಷ್ಟೇ. ಬಿಡಿ ವರ್ಣತಂತುಗಳು ಸರಿಯಾಗಿ ಹಂಚಿಕೆಯಾಗದೆ ಭ್ರೂಣ ಸಾಯುತ್ತದೆ. ಎಕ್ಸ್ ಒಂದನ್ನು ಕಳೆದುಕೊಂಡು ಬದುಕಿದ ಮರಿ ಗಂಡಾಗುತ್ತದೆ, ಇಲ್ಲಿ ಎರಡು ಎಕ್ಸ್ ಇದ್ದರೆ ದ್ವಿಲಿಂಗಿ, ಒಂದೇ ಇದ್ದರೆ ಗಂಡು.

ಮಾಡಬೇಕಾದ್ದು: ಎಲ್4 ಹುಳುಗಳನ್ನು ಆರಿಸಿ ಹೊಸ ಪ್ಲೇಟಿಗೆ ಹಾಕಿ. ಮೈಯ ನಡುಭಾಗದಲ್ಲಿ ಅರ್ಧಚಂದ್ರದಂಥ ತಿಳಿ ಮಚ್ಚೆ ಕಂಡರೆ ಅದೇ ಎಲ್4. ಅರ್ಧವನ್ನು 24 ಗಂಟೆಗೆ, ಅರ್ಧವನ್ನು 48 ಗಂಟೆಗೆ ಕತ್ತರಿಸಿ. ಹೆಸರು ಮುಚ್ಚಿ ಇಬ್ಬರೂ ಎಣಿಸಿ.

ಗಾಜುಪಟ್ಟಿ:
ಕಡಿತ ಆಗಿಯೂ ರಿಪೇರಿ ಹಂತದಲ್ಲಿ ತಪ್ಪುತ್ತಿರಬಹುದಲ್ಲ? ಅದನ್ನು ಹೇಗೆ ತಳ್ಳಿಹಾಕುತ್ತೀರಿ?

ಪ್ಯಾಕಿಟೀನ್:
ಒಳ್ಳೆಯ ಪ್ರಶ್ನೆ. ತುಂಡಾದ ಡಿಎನ್‌ಎ ರಿಪೇರಿಗೆ ಬೇಕಾದ ರ್ಯಾಡ್-51 ಪ್ರೋಟೀನ್ ಇಲ್ಲದೆ ರಿಪೇರಿ ಕೆಟ್ಟರೆ ನೀಟಾದ 12 ಕಾಣುವುದಿಲ್ಲ, ಅಂಚು ಹರಿದ, ಒಂದಕ್ಕೊಂದು ಅಂಟಿದ ಮುದ್ದೆ ಕಾಣುತ್ತದೆ. ಪಕ್ಕಾ ಪರೀಕ್ಷೆ ಬೇಕಿದ್ದರೆ ವಿಕಿರಣ: ಗಾಮಾ ಅಥವಾ ಎಕ್ಸ್‌ರೇ ಕೊಟ್ಟು ಸುಮಾರು ಒಂದು ದಿನ ಬಿಟ್ಟು ಎಣಿಸಿ. ಕಡಿತವನ್ನು ಹೊರಗಿನಿಂದ ಒದಗಿಸಿದಾಗ ಎಣಿಕೆ 6ರ ಕಡೆಗೆ ಇಳಿದರೆ ಮುಂದಿನ ಯಂತ್ರವೆಲ್ಲ ಸರಿಯಾಗಿದೆ ಎಂದರ್ಥ. ಕೋಸಾ-1 (ಕ್ರಾಸ್‌ಓವರ್ ಜಾಗದಲ್ಲಿ ಕೂರುವ ಪ್ರೋಟೀನ್) ಗುರುತು ಇರುವ ತಳಿಯಿದ್ದರೆ ಇನ್ನೂ ಸುಲಭ, ಸಾಮಾನ್ಯ ಹುಳುವಿನಲ್ಲಿ ಡಯಾಕೈನೆಸಿಸ್‌ಗೆ ಮುಂಚಿನ ಪ್ಯಾಕಿಟೀನ್ ಹಂತದ ಕೊನೆಗೆ ನ್ಯೂಕ್ಲಿಯಸ್ಸಿಗೆ ಆರು ಚುಕ್ಕೆ.

ಹುಳುಹಿಂದೆ:
ಮಾಡಿ ಮುಗಿಸಿದೆವು. 24 ಗಂಟೆಯದು: ಇಬ್ಬರಿಗೂ 8ರಿಂದ 10, ಒಂದೇ ಒಂದರಲ್ಲಿ 7. 48 ಗಂಟೆಯದು: ಇಬ್ಬರಿಗೂ 11, 12. ವಿಕಿರಣ ಕೊಟ್ಟ ದೊಡ್ಡ ಹುಳುಗಳಲ್ಲಿ ಹೆಚ್ಚಿನವು 6, ಕೆಲವು 7. ಮುದ್ದೆ ಎಲ್ಲೂ ಇಲ್ಲ. ಆ 7ರ ಚಿತ್ರದಲ್ಲಿ ಐದು ಉದ್ದದವು, ಎರಡು ಪುಟ್ಟ ದುಂಡಗಿನವು ಎಷ್ಟು ಸ್ಪಷ್ಟವಾಗಿ ಕಂಡವೆಂದರೆ ಜೊತೆಗಾರರನ್ನು ಊಟದಿಂದ ಎಬ್ಬಿಸಿ ತೋರಿಸಿದೆ. ವಯಸ್ಸು ಬರೆಯದ ಹಳೆಯ ಸ್ಲೈಡುಗಳನ್ನೆಲ್ಲ ಲೆಕ್ಕದಿಂದ ತೆಗೆದಿದ್ದೇವೆ. ಪ್ಯಾಕಿಟೀನ್ ಅವರೇ, ತುಂಬ ಥ್ಯಾಂಕ್ಸ್. ಮುಂದಿನ ವಾರ ಕೋಸಾ-1 ತಳಿಯ ಜೊತೆ ಕ್ರಾಸ್ ಹಾಕುತ್ತಿದ್ದೇವೆ, ಚುಕ್ಕೆಗಳ ಎಣಿಕೆಯನ್ನು ಇಲ್ಲೇ ಹಾಕುತ್ತೇನೆ.