ದೊಡ್ಡಪ್ಪ ಕಳಿಸಿದ ಮೊಳಕೆಕಾಳು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು 'ಅಜ್ಜಿಮನೆ ಜಗಲಿ'. ಭಾನುವಾರ ಬೆಳಿಗ್ಗೆ ಹತ್ತಿಕೊಂಡ ಜಗಳ ರಾತ್ರಿವರೆಗೂ ಆರಲಿಲ್ಲ. ಶುಭೋದಯ, ಕೈಮುಗಿದ ಚಿತ್ರ, ಹೂವು ಎಲ್ಲ ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ.

ತುಮಕೂರು ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ದಿನಾ ವ್ಯಾಯಾಮ ಮಾಡುವವರೇ, ನಿಮ್ಮ ಕರುಳು ಕ್ಲೀನ್ ಇದೆಯಾ?? ಓಟಕ್ಕೆ, ಜಿಮ್‌ಗೆ ಅರ್ಧ ಗಂಟೆ ಮುಂಚೆ ಒಂದು ದೊಡ್ಡ ಬಟ್ಟಲು ಮೊಳಕೆಕಾಳು, ಎರಡು ಚಮಚ ಇಸಬ್‌ಗೋಲ್, ಒಂದು ಲೋಟ ಹಾಲು. 7 ದಿನದಲ್ಲಿ ಗ್ಯಾಸ್, ಮಲಬದ್ಧತೆ ಮಾಯ!! 10 ಜನಕ್ಕೆ ಕಳಿಸಿ.

ತುಮಕೂರು ದೊಡ್ಡಪ್ಪ: ನಮ್ಮ ಓಡುವ ಮಕ್ಕಳಿಗೆ ಉಪಯೋಗ ಆಗಲಿ ಅಂತ ಹಾಕಿದೆ.

ನಾನು: ದೊಡ್ಡಪ್ಪ, ಇದನ್ನೇ ಹೋದ ವಾರ ನನಗೊಬ್ಬನಿಗೇ ಕಳಿಸಿದ್ದಿರಿ. ನಂಬಿ ಏಳು ದಿನ ತಿಂದೆ. ಇವತ್ತು 10ಕೆ, ಅಂದರೆ ಹತ್ತು ಕಿಲೋಮೀಟರ್ ಓಟ ಇತ್ತು. ಏಳನೇ ಕಿಲೋಮೀಟರಿಗೆ ಹೊಟ್ಟೆ ಹಿಡಿದುಕೊಂಡು ಪೆಟ್ರೋಲ್ ಬಂಕಿಗೆ ನುಗ್ಗಿದೆ. ಟಾಯ್ಲೆಟ್ ಕೀಲಿ ಕಳೆದುಹೋಗಬಾರದು ಅಂತ ಅದಕ್ಕೆ ಒಂದು ಮೊಳದ ಮರದ ತುಂಡು ಕಟ್ಟಿದ್ದರು. ಕೆಲಸ ಮುಗಿಸಿ ಅದನ್ನು ಹಿಡಿದುಕೊಂಡೇ ರಸ್ತೆಗೆ ಓಡಿದ್ದೇನೆ. ಬಂಕಿನ ಹುಡುಗ ಅಟ್ಟಿಸಿಕೊಂಡು ಬಂದು ಕಿತ್ತುಕೊಂಡ.

ಶಿರಸಿ ಭಾವ: ಅಂತೂ ಆ ಹುಡುಗ ನಿನಗಿಂತ ಜೋರು ಓಡಿದ ಅಂತಾಯಿತು.

ತುಮಕೂರು ದೊಡ್ಡಪ್ಪ: ಮೊಳಕೆಕಾಳು ಕೆಟ್ಟದ್ದು ಅಂತೀಯಾ? ನಾನು 30 ವರ್ಷದಿಂದ ತಿನ್ನುತ್ತಿದ್ದೇನೆ. ತಿಂದು ಅಮಾನಿಕೆರೆ ಹತ್ತಿರ ದಿನಾ ವಾಕಿಂಗ್ ಹೋಗುತ್ತೇನೆ. ಒಂದು ದಿನ ಏನೂ ಆಗಿಲ್ಲ.

ಹುಬ್ಬಳ್ಳಿ ಅಕ್ಕ: ನೀವು ನಡೆಯುತ್ತೀರಿ ದೊಡ್ಡಪ್ಪ, ಇವನು ಓಡುತ್ತಾನೆ. ಜೋರಾಗಿ ಓಡುವಾಗ ರಕ್ತವೆಲ್ಲ ಕಾಲಿಗೆ ಬೇಕು, ಮೈ ತಣ್ಣಗಾಗೋಕೆ ಚರ್ಮಕ್ಕೂ ಬೇಕು. ಹೊಟ್ಟೆ, ಕರುಳಿನ ಪಾಲು ಕಡಿಮೆ ಆಗುತ್ತದೆ. ತೀರಾ ದಮ್ಮು ಕಟ್ಟಿ ಓಡಿದರೆ ಶೇ 80ರವರೆಗೂ ಇಳಿಯಬಹುದು. ಒಲೆ ಆರಿಸಿ ಪಾತ್ರೆ ತುಂಬ ಬೇಳೆ ಇಟ್ಟ ಹಾಗೆ. ಬೇಯುತ್ತಾ?

(ಅಕ್ಕ ಆಸ್ಪತ್ರೆಯಲ್ಲಿ ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದಾಳೆ. ಮನೆಯಲ್ಲಿ ಅವಳ ಸಲಹೆ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.)

ಮೈಸೂರು ಅತ್ತೆ: ಕಾಳು ಹಸಿಯಾಗಿ ತಿಂದೆಯಾ, ಬೇಯಿಸಿ ತಿಂದೆಯಾ?

ನಾನು: ಹಸಿಯಾಗಿ ಅತ್ತೆ.

ಮೈಸೂರು ಅತ್ತೆ: ಅದಕ್ಕೇ. ನಾವು ಬೇಯಿಸಿ, ಇಂಗಿನ ಒಗ್ಗರಣೆ ಹಾಕಿ ಉಸ್ಲಿ ಮಾಡೋದು ಸುಮ್ನೆ ಅಲ್ಲ.

ಹುಬ್ಬಳ್ಳಿ ಅಕ್ಕ: ಅತ್ತೆ ಹೇಳಿದ್ದು ಸರಿ. ಕಾಳಿನಲ್ಲಿ ಒಂದು ಬಗೆಯ ಸಕ್ಕರೆ ಇರುತ್ತದೆ, ಅದನ್ನು ಅರಗಿಸುವ ಶಕ್ತಿ ನಮ್ಮ ಸಣ್ಣ ಕರುಳಿಗೆ ಇಲ್ಲ. ದೊಡ್ಡ ಕರುಳಿಗೆ ಹೋದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಹುಳಿ ಬರಿಸಿ ಗ್ಯಾಸ್ ಮಾಡುತ್ತವೆ. ನೆನೆಸಿ, ಮೊಳಕೆ ಬರಿಸಿದರೆ ಕಡಿಮೆ ಆಗುತ್ತದೆ, ಪೂರ್ತಿ ಹೋಗಲ್ಲ.

ಪುಟ್ಟ: ನನಗೆ ಕಾಳಿನ ಗೋಜೇ ಬೇಡ. ಜಿಮ್ ಮುಗಿದ ಕೂಡಲೇ ವೇ ಪ್ರೋಟೀನ್, ಹಾಲಿನಿಂದ ತೆಗೆದ ಪುಡಿ.

ಚಿಕ್ಕಮ್ಮ: ಇವನು ಅದನ್ನು ಕುಡಿದರೆ ನಾವು ಮನೆ ಕಿಟಕಿ ಎಲ್ಲಾ ತೆಗೀಬೇಕು.

ಪುಟ್ಟ: ಅಮ್ಮಾ! ಗುಂಪಿನಲ್ಲಿ!!

ಹುಬ್ಬಳ್ಳಿ ಅಕ್ಕ: ಡಬ್ಬದ ಮೇಲೆ ಕಾನ್ಸಂಟ್ರೇಟ್ ಅಂತ ಇದೆಯಾ, ಐಸೊಲೇಟ್ ಅಂತ ಇದೆಯಾ?

ಪುಟ್ಟ: ಕಾನ್ಸಂಟ್ರೇಟ್. ಅದೇ ರೇಟ್ ಕಡಿಮೆ. ಅರ್ಧ ಲೀಟರ್ ಹಾಲಿಗೆ ಹಾಕುತ್ತೇನೆ.

ಹುಬ್ಬಳ್ಳಿ ಅಕ್ಕ: ಅದರಲ್ಲೂ ಲ್ಯಾಕ್ಟೋಸ್ ಅನ್ನೋ ಹಾಲಿನ ಸಕ್ಕರೆ, ಹಾಲಿನಲ್ಲೂ ಲ್ಯಾಕ್ಟೋಸ್. ಐಸೊಲೇಟ್ ಆದರೆ ಅದು ತೀರಾ ಕಡಿಮೆ. ನಮ್ಮ ದಕ್ಷಿಣದ ಕಡೆ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಪೂರ್ತಿ ಅರಗದವರು ಬಹಳ. ಎರಡು ವಾರ ನೀರಿಗೆ ಹಾಕಿಕೊಂಡು ನೋಡು, ಗ್ಯಾಸ್ ಹೋಗಲಿಲ್ಲ ಅಂದರೆ ಪುಡಿಯನ್ನೇ ಬಿಟ್ಟು ನೋಡು. ಸಕ್ಕರೆ ಇಲ್ಲದ ಪ್ರೋಟೀನ್ ಬಾರ್ ತಿನ್ನುತ್ತಿದ್ದರೆ ಹಿಂದಿನ ಸಣ್ಣ ಅಕ್ಷರ ಓದು. ಸಕ್ಕರೆ ಬದಲು ಸಿಹಿಗೆ ಹಾಕುವ ಮಾಲ್ಟಿಟಾಲ್, ಸಾರ್ಬಿಟಾಲ್ ಅಂತ ಇದ್ದರೆ ಅದೂ ಹೊಟ್ಟೆ ಉಬ್ಬಿಸುತ್ತದೆ. ಅಂದಹಾಗೆ, ಸ್ನಾಯು ಬೆಳೆಸೋಕೆ ಪ್ರೋಟೀನ್ ಪುಡಿ ಬೇಡ ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರ 2024ರ ಆಹಾರ ಮಾರ್ಗಸೂಚಿಯೇ ಹೇಳಿದೆ.

ಪುಟ್ಟ: ಹಾಗಾದರೆ ಜಿಮ್‌ನಲ್ಲಿ ಕುಡಿಯುವವರೆಲ್ಲ ದಡ್ಡರಾ?

ಹುಬ್ಬಳ್ಳಿ ಅಕ್ಕ: ಅವರ ವಿಷಯ ಬಿಡು. ನಿಮ್ಮ ಮನೆ ಕಿಟಕಿ ವಿಷಯ ಮಾತಾಡೋಣ.

ತುಮಕೂರು ದೊಡ್ಡಪ್ಪ: ಆಯಿತು. ಇನ್ನು ಮೇಲೆ ನಾನು ಏನೂ ಹಾಕಲ್ಲ. ಓದಿದವರು ಜಾಸ್ತಿ ಇದ್ದೀರಿ.

ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ ಹಿಂದೊಮ್ಮೆ ಅರಿಶಿನದ ವಿಷಯಕ್ಕೆ ಗುಂಪು ಬಿಟ್ಟು ಹೋಗಿದ್ದರು. ವಾಪಸ್ ಕರೆತರಲು ಒಂದು ಮದುವೆಯೇ ಬೇಕಾಯಿತು.

ಹುಬ್ಬಳ್ಳಿ ಅಕ್ಕ: ದೊಡ್ಡಪ್ಪ, ನೀವು ಕಳಿಸಿದ್ದರಲ್ಲಿ ಪದಾರ್ಥ ತಪ್ಪಿಲ್ಲ, ಹೊತ್ತು ತಪ್ಪು. ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. 100 ಗ್ರಾಂ ರಾಗಿಯಲ್ಲೇ 11 ಗ್ರಾಂ ಸಿಗುತ್ತದೆ. ಕಾಳು, ಸೊಪ್ಪು, ರಾಗಿ ಬಿಟ್ಟು ಬರೀ ಪುಡಿ ಕುಡಿದು ವ್ಯಾಯಾಮ ಮಾಡುವವರಿಗೇ ಮಲಬದ್ಧತೆ. ಆದರೆ ಅದನ್ನೆಲ್ಲ ಓಡಿ ಬಂದ ಮೇಲೆ ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಬೇಕು. ಇಸಬ್‌ಗೋಲ್ ರಾತ್ರಿಗೆ, ಜೊತೆಗೆ ದೊಡ್ಡ ಲೋಟ ನೀರು. ನೀರು ಕಡಿಮೆಯಾದರೆ ಅದೇ ಒಳಗೆ ಗಂಟು ಕಟ್ಟಿಕೊಳ್ಳುತ್ತದೆ.

ನಾನು: ಸರಿ, ಓಟದ ದಿನ ನಾನೇನು ತಿನ್ನಲಿ?

ಹುಬ್ಬಳ್ಳಿ ಅಕ್ಕ: ದೊಡ್ಡ ಊಟ ಇದ್ದರೆ 3-4 ಗಂಟೆ ಮುಂಚೆ. ಬೆಳಗಿನ ಓಟಕ್ಕೆ ಒಂದು ಗಂಟೆ ಮುಂಚೆ ಬಾಳೆಹಣ್ಣು, ಇಲ್ಲವೇ ಎರಡು ಇಡ್ಲಿ. ಸಾಂಬಾರ್ ಬೇಡ. ಕಾಫಿ ಕುಡಿದರೆ ಮನೆಯಲ್ಲೇ ಟಾಯ್ಲೆಟ್ ಮುಗಿಸಿಕೊಳ್ಳುವಷ್ಟು ಹೊತ್ತು ಇಟ್ಟುಕೊಂಡು ಕುಡಿ. ಕಾಲಿನ ಹಾಗೆ ಹೊಟ್ಟೆಗೂ ಅಭ್ಯಾಸ ಬೇಕು, ಓಟದ ದಿನ ತಿನ್ನೋದನ್ನು ಮುಂಚಿನ ವಾರಗಳಲ್ಲೇ ತಿಂದು ನೋಡಿರಬೇಕು. ಇವತ್ತು ನೋವಿನ ಮಾತ್ರೆ ಏನಾದರೂ ನುಂಗಿದ್ದೆಯಾ?

ನಾನು: ಮೊಣಕಾಲಿಗೆ ಒಂದು ಐಬುಪ್ರೊಫೆನ್. ಒಂದೇ.

ಹುಬ್ಬಳ್ಳಿ ಅಕ್ಕ: ಕೇಳೋವರೆಗೂ ಬಾಯಿ ಬಿಡಲಿಲ್ಲ ನೋಡು! ಮೊದಲೇ ರಕ್ತ ಸಾಲದೆ ಒದ್ದಾಡುವ ಕರುಳಿನ ಒಳಪದರಕ್ಕೆ ಆ ಮಾತ್ರೆ ಇನ್ನೊಂದು ಪೆಟ್ಟು. ಬೆವರು ಸುರಿಸುವಾಗ ಕಿಡ್ನಿಗೂ ಒಳ್ಳೆಯದಲ್ಲ. ಮಾತ್ರೆ ನುಂಗಿ ಓಡುವಷ್ಟು ನೋವಿದ್ದರೆ ಓಡಬೇಡ.

ತುಮಕೂರು ದೊಡ್ಡಪ್ಪ: ನೋಡಿದಿರಾ! ಮಾತ್ರೆ ನುಂಗಿದವನು ಇವನು, ಬೈಸಿಕೊಂಡಿದ್ದು ನನ್ನ ಕಾಳು.

ಶಿರಸಿ ಭಾವ: ಕಾಳಿಗೆ ಜಾಮೀನು ಸಿಕ್ಕಿತು ಮಾವ, ಬಿಡುಗಡೆ ಇನ್ನೂ ಆಗಿಲ್ಲ.

ಮೈಸೂರು ಅತ್ತೆ: ಓಡಿ ಬಂದವರಿಗೆ ಒಂದು ದೊಡ್ಡ ಲೋಟ ರಾಗಿ ಅಂಬಲಿ, ಉಪ್ಪು, ಮಜ್ಜಿಗೆ, ಸ್ವಲ್ಪ ಜೀರಿಗೆ. ಇಷ್ಟಕ್ಕೆ ಇಷ್ಟು ಮೆಸೇಜು ಬೇಕಿತ್ತಾ?

ಹುಬ್ಬಳ್ಳಿ ಅಕ್ಕ: ಅಂಬಲಿಗೆ ನನ್ನ ಓಟು. ಒಂದು ವಿಷಯ ಮಾತ್ರ ಎಲ್ಲರಿಗೂ. ಓಡುವಾಗ ಹೊಟ್ಟೆ ಗುಡುಗುಡು ಅನ್ನೋದು ಬೇರೆ. ಮಲದಲ್ಲಿ ರಕ್ತ, ಡಾಂಬರಿನ ಹಾಗೆ ಕಪ್ಪು ಮಲ, ಕಾರಣ ಇಲ್ಲದೆ ತೂಕ ಇಳಿಯೋದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವಕ್ಕೆಲ್ಲ ಅಂಬಲಿ ಅಲ್ಲ, ಡಾಕ್ಟರ್.

ತುಮಕೂರು ದೊಡ್ಡಪ್ಪ: ಕಪ್ಪು ಅಂದರೆ ಎಷ್ಟು ಕಪ್ಪು?

ಹುಬ್ಬಳ್ಳಿ ಅಕ್ಕ: ಯಾಕೆ ದೊಡ್ಡಪ್ಪ?

ತುಮಕೂರು ದೊಡ್ಡಪ್ಪ: ಸುಮ್ನೆ ಕೇಳಿದೆ.

ಹುಬ್ಬಳ್ಳಿ ಅಕ್ಕ: ಫೋನ್ ಎತ್ತಿ.

ಹುಬ್ಬಳ್ಳಿ ಅಕ್ಕ: ದೊಡ್ಡಪ್ಪ, ಫೋನ್ ಎತ್ತಿ.

ತುಮಕೂರು ದೊಡ್ಡಮ್ಮ: ನಾನು ಎತ್ತಿದೆ ಕಣೆ. ಹೋದ ತಿಂಗಳಿಂದ ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದಾರೆ. ಯಾರಿಗೂ ಹೇಳಬೇಡ ಅಂದಿದ್ದರು.

ಹುಬ್ಬಳ್ಳಿ ಅಕ್ಕ: ಕಬ್ಬಿಣದ ಮಾತ್ರೆಗೂ ಕಪ್ಪಾಗುತ್ತದೆ ದೊಡ್ಡಮ್ಮ, ಗಾಬರಿ ಬೇಡ. ಆದರೆ ಅದೇ ಕಾರಣ ಅಂತ ನಾವೇ ತೀರ್ಮಾನ ಮಾಡೋದು ಬೇಡ. ರಕ್ತ ಯಾಕೆ ಕಡಿಮೆ ಆಯಿತು ಅಂತಲೂ ಕೇಳಬೇಕು. ನಾಳೆ ಬೆಳಿಗ್ಗೆಯೇ ಹೋಗಿ. ತಲೆ ಸುತ್ತು ಬಂದರೆ ಬೆಳಿಗ್ಗೆವರೆಗೂ ಕಾಯಬೇಡಿ.

ತುಮಕೂರು ದೊಡ್ಡಪ್ಪ: ಎಂಟೂವರೆಗೆ ಹೋಗುತ್ತೇನೆ. ಇಲ್ಲೇ ಎರಡು ಬೀದಿ ಆಚೆ. ಕಾಳು ತಿಂದು ಹೋಗಬಹುದಾ?

ಹುಬ್ಬಳ್ಳಿ ಅಕ್ಕ: ತಿನ್ನಿ ದೊಡ್ಡಪ್ಪ. ನಡೆದುಕೊಂಡು ತಾನೇ ಹೋಗೋದು.