ಊರೂರಿನ ಕಾಫಿ ಮಗ್ ಸಂಗ್ರಹ: ಕೊಳ್ಳುವುದು, ತರುವುದು, ಇಡುವುದು

ಕೇಳಿದ್ದು: ಮನೆಯಲ್ಲಿ ಹನ್ನೆರಡು ಊರುಗಳ ಮಗ್ ಸೇರಿವೆ. ಎರಡರ ಚಿತ್ರ ತೊಳೆದೂ ತೊಳೆದೂ ಮಾಸಿದೆ, ಒಂದರ ಹಿಡಿ ಸೂಟ್‌ಕೇಸಿನಲ್ಲೇ ಮುರಿದಿದೆ. ಇನ್ನು ಮುಂದೆ ಸಿಕ್ಕಿದ್ದೆಲ್ಲ ಕೊಳ್ಳದೆ ಒಂದು ಕ್ರಮದಲ್ಲಿ ಸೇರಿಸಬೇಕೆಂದಿದೆ. ಏನು ನೋಡಿ ಕೊಳ್ಳಬೇಕು, ಹೇಗೆ ತರಬೇಕು, ಎಲ್ಲಿಡಬೇಕು? ಬಲ್ಲವರು ತಿಳಿಸಿ.

ಉತ್ತರ 1

ಮೊದಲು ಮಗ್ ಮಗುಚಿ ತಳ ನೋಡಿ, ಆಮೇಲೆ ಚಿತ್ರದ ಮೇಲೆ ಉಗುರು ಆಡಿಸಿ. ಬೆಲೆ, ಬಾಳಿಕೆ, ತೊಳೆಯುವ ರೀತಿ ಎಲ್ಲವೂ ಚಿತ್ರ ಹೇಗೆ ಹತ್ತಿದೆ ಎನ್ನುವುದರ ಮೇಲೆ ನಿಂತಿದೆ.

ನಿಮ್ಮಲ್ಲಿ ಮಾಸಿದವು ಬಹುಶಃ ಸಬ್ಲಿಮೇಶನ್ ಮುದ್ರಣದವು. ಪ್ರವಾಸಿ ತಾಣಗಳ ಅಗ್ಗದ ಬಿಳಿ ಮಗ್‌ಗಳಲ್ಲಿ ಈ ಬಗೆ ತುಂಬ ಸಾಮಾನ್ಯ. ಗುರುತು: 11 ಔನ್ಸ್ (ಸುಮಾರು 325 ಮಿ.ಲೀ.), ನೆಟ್ಟಗಿನ ಗೋಡೆ, ಹಿಡಿಯ ಎರಡೂ ಪಕ್ಕ ಚಿತ್ರವಿಲ್ಲದ ಖಾಲಿ ಪಟ್ಟಿ. ಮಗ್‌ಗೆ ಪಾಲಿಯೆಸ್ಟರ್ ಲೇಪ ಕೊಟ್ಟು, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ನಿಮಿಷ ಒತ್ತಿ ಹಿಡಿದರೆ ಶಾಯಿ ಆವಿಯಾಗಿ ಆ ಲೇಪದೊಳಗೆ ಇಳಿಯುತ್ತದೆ. ಕೆಳಗಿನ ಗಾಜಿನಂಥ ಮೆರುಗಿಗೆ ಅದು ಸೇರುವುದೇ ಇಲ್ಲ. ಹಾಗಾಗಿ ಬಿಸಿಲು, ಡಿಶ್‌ವಾಷರ್, ಒರಟು ಸ್ಕ್ರಬ್ಬರ್ ಮೂರೂ ಆ ಚಿತ್ರವನ್ನು ತಿನ್ನುತ್ತವೆ.

ಡೆಕಾಲ್, ಅಂದರೆ ಚಿತ್ರ ಅಚ್ಚಾದ ತೆಳು ಹಾಳೆ, ಅಂಟಿಸಿ ಸುಟ್ಟದ್ದು ಬೇರೆ. 800 ಡಿಗ್ರಿಯ ಆಸುಪಾಸಿನಲ್ಲಿ ಬಣ್ಣ ಮೆರುಗಿನ ಮೇಲೆ ಕರಗಿ ಕೂತಿರುತ್ತದೆ, ಉಗುರಿಗೆ ಚಿತ್ರದ ಅಂಚು ಸಣ್ಣಗೆ ತಾಗುತ್ತದೆ. ಬಣ್ಣ ಮೆರುಗಿನ ಕೆಳಗೇ ಇದ್ದರೆ ಏನೂ ತಾಗದು, ವಕ್ರ ಗೋಡೆಯ ಮೇಲೂ ಹಿಡಿಯ ಬುಡದಲ್ಲೂ ಚಿತ್ರ ಹರಿದಿರಬಹುದು. ಎಲ್ಲಕ್ಕಿಂತ ಹೆಚ್ಚು ಬಾಳುವುದು ಇದೇ. ಗೋಪುರ, ಸೇತುವೆ ಉಬ್ಬಿ ನಿಂತ ಮಗ್‌ಗಳಲ್ಲಿ ಬಣ್ಣವನ್ನು ಸುಡದೆ ಬರೀ ಬಳಿದಿರುವುದೂ ಉಂಟು. ಅಂಥವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಇಡಬೇಕೇ ಹೊರತು ಕಾಫಿಗೆ ಬಳಸಬಾರದು.

ಕೊನೆಗೆ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಎಂದರೆ ಸರಿ. ಅದೇ ಬಗೆಯ ಪಕ್ಕದ ಮಗ್‌ಗಿಂತ ಮಂಕಾಗಿ ನುಡಿದರೆ ಕಣ್ಣಿಗೆ ಕಾಣದ ಬಿರುಕು ಇದೆ ಎಂದೇ ತಿಳಿಯಿರಿ.

ಉತ್ತರ 2

ಕ್ರಮದ ಬಗ್ಗೆ. ಒಂದೇ ಕಂಪನಿ ಊರೂರಿಗೆ ಒಂದೇ ಮಾದರಿಯಲ್ಲಿ ಮಾಡುವ ಮಗ್‌ಗಳ ಸರಣಿ ಹಿಡಿಯಿರಿ, ಇಲ್ಲವೇ ಆಯಾ ಊರಿನದೇ ಆದ ಪಾತ್ರೆ ಹಿಡಿಯಿರಿ. ಎರಡನ್ನೂ ಒಟ್ಟಿಗೆ ಹಿಡಿದರೆ ಜಾಗವೂ ಹಣವೂ ಸಾಲದು.

ಸರಣಿಗೆ ಸ್ಟಾರ್‌ಬಕ್ಸ್ ಸುಲಭ. 2013ರಲ್ಲಿ ಬಂದದ್ದು ‘ಯು ಆರ್ ಹಿಯರ್’, 2018ರಲ್ಲಿ ಅದರ ಜಾಗಕ್ಕೆ ಬಂದದ್ದು ‘ಬೀನ್ ದೇರ್’. ದೊಡ್ಡ ಮಗ್‌ಗಳು ಎರಡರಲ್ಲೂ 14 ಔನ್ಸ್, 414 ಮಿ.ಲೀ. ಅವಕ್ಕೂ ಹಿಂದಿನ ‘ಗ್ಲೋಬಲ್ ಐಕಾನ್’ 16 ಔನ್ಸಿನವು, ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ತಳದಲ್ಲಿ ಅಳತೆಯ ಜೊತೆ ಅಚ್ಚಾದ ವರ್ಷ ವಿನ್ಯಾಸದ ಹಕ್ಕಿನ (ಕಾಪಿರೈಟ್) ವರ್ಷ, ಮಾರಾಟವಾದ ವರ್ಷವಲ್ಲ. ಇದನ್ನು ತಿಳಿಯದೆ ‘ಹಳೆಯದು’ ಎಂದು ಹೆಚ್ಚು ಬೆಲೆ ಕೊಡುವವರು ಬಹಳ. ಸರಣಿ ನಿಂತ ಮೇಲೆ ಸಿಗುವುದು ಮರುಮಾರಾಟದಲ್ಲಿ, ಇಲ್ಲವೇ ವಿನಿಮಯದಲ್ಲಿ: ನೀವು ನಿಮ್ಮೂರಿನ ಮಗ್ ಕಳಿಸುತ್ತೀರಿ, ಬೇರೆ ಊರಿನ ಸಂಗ್ರಹಕಾರರು ತಮ್ಮೂರಿನದು ಕಳಿಸುತ್ತಾರೆ. ಕಳಿಸುವ ಮುನ್ನ ತಳ, ಅಂಚು, ಹಿಡಿಯ ಎರಡೂ ಬುಡಗಳ ಫೋಟೊ ಕೇಳಿ ಪಡೆಯಿರಿ.

ನನ್ನ ಮತ ಮಾತ್ರ ಎರಡನೇ ದಾರಿಗೆ. ಜರ್ಮನಿಯಲ್ಲಿ ಬಂಧುಗಳಿದ್ದರೆ ಕ್ರಿಸ್ಮಸ್ ಸಂತೆಯ ಮಗ್ ಹೇಳಿ ತರಿಸಿ. ನ್ಯೂರೆಂಬರ್ಗ್, ಕಲೋನ್‌ನಂಥ ಊರುಗಳ ಸಂತೆಯಲ್ಲಿ ಬಿಸಿ ಮಸಾಲೆ ವೈನನ್ನು ಊರಿನ ಚಿತ್ರವಿರುವ ಮಗ್‌ನಲ್ಲಿ ಕೊಡುತ್ತಾರೆ. ಎಷ್ಟೋ ಕಡೆ ಚಿತ್ರ ವರ್ಷವರ್ಷಕ್ಕೆ ಬದಲಾಗಿ ಇಸವಿಯೂ ಇರುತ್ತದೆ. ಮಗ್‌ಗೆ ಕೆಲವು ಯೂರೊ ಠೇವಣಿ. ಮರಳಿಸದಿದ್ದರೆ ಠೇವಣಿಯೇ ಬೆಲೆ. ಸಂತೆಯಲ್ಲಿ ಅದು ಕೈಯಿಂದ ಕೈಗೆ ಹೋಗಿ ಬಂದದ್ದು, ಅಂಚು ಚಕ್ಕೆ ಎದ್ದಿರಬಹುದು. ಕುಡಿದದ್ದನ್ನೇ ತರದೆ, ಅದನ್ನು ಕೊಟ್ಟು ತೊಳೆದಿಟ್ಟ ಒಳ್ಳೆಯದೊಂದನ್ನು ಕೇಳಿ ಪಡೆಯಬೇಕು. ಅಂಚಿನ ಕೆಳಗೆ 0.2 ಲೀಟರ್ ಎಂಬ ಅಳತೆಗೆರೆ ಸಾಮಾನ್ಯ.

ಚೆಕ್ ದೇಶದ ಕಾರ್ಲೊವಿ ವಾರಿಯ ಪಿಂಗಾಣಿ ಲೋಟ ಇನ್ನೂ ಸೊಗಸು. ಅದರ ಹಿಡಿಯೇ ಟೊಳ್ಳು ಕೊಳವೆ, ಬಿಸಿನೀರಿನ ಬುಗ್ಗೆಗಳ ನೀರನ್ನು ಅದರ ಮೂಲಕ ಹೀರಿ ಕುಡಿಯುವುದು ರೂಢಿ. ಕಾಫಿ ಹಾಕಬೇಡಿ, ಕೊಳವೆಯೊಳಗೆ ಬ್ರಷ್ ಹೋಗದು, ಹಾಲಿನ ಜಿಡ್ಡು ಉಳಿದು ನಾರುತ್ತದೆ.

ಉತ್ತರ 3

ಮುರಿಯುವುದು ಹಿಡಿಯೇ. ಅದನ್ನು ಬೇರೆಯಾಗಿ ಮಾಡಿ ಮಗ್‌ನ ಮೈಗೆ ಅಂಟಿಸಿ ಸುಟ್ಟಿರುತ್ತಾರೆ, ಪೆಟ್ಟು ಆ ಬೆಸುಗೆಯಲ್ಲಿ ನಿಲ್ಲುತ್ತದೆ.

ಕ್ರಮ ಹೀಗೆ: ಮಗ್‌ನೊಳಗೆ ಕಾಲುಚೀಲವನ್ನು ಬಿಗಿಯಾಗಿ ತುಂಬಿ. ಹಿಡಿಯ ಕಿಂಡಿಯಲ್ಲೂ ಒಂದು ಕಾಲುಚೀಲ ತೂರಿಸಿ, ಅದೇ ಹಿಡಿಗೆ ಸುತ್ತಾಗುತ್ತದೆ. ಆಮೇಲೆ ಇಡೀ ಮಗ್‌ಗೆ ಬಬಲ್ ರ‍್ಯಾಪ್ ಎರಡು ಸುತ್ತು, ಗುಳ್ಳೆ ಒಳಮುಖವಾಗಿ. ಸೂಟ್‌ಕೇಸಿನ ನಟ್ಟನಡುವೆ, ಆರೂ ಕಡೆ ಕನಿಷ್ಠ 5 ಸೆಂ.ಮೀ. ಬಟ್ಟೆ ಇರಲಿ. ಚಕ್ರದ ಕಡೆಗೆ ಬೇಡ, ಕುಕ್ಕುವುದೆಲ್ಲ ಅಲ್ಲೇ. ಎರಡು ಮಗ್‌ಗಳ ಹಿಡಿ ಎದುರುಬದುರಾಗಬಾರದು. ಒಂದೊಂದು 350ರಿಂದ 450 ಗ್ರಾಂ ತೂಗುತ್ತದೆ. ನಾಲ್ಕಾದರೆ ಒಂದೂವರೆ ಕಿಲೊ ದಾಟೀತು, ವಿಮಾನದ ಕೈಚೀಲಕ್ಕೆ ಸಾಮಾನ್ಯವಾದ 7 ಕಿಲೊ ಮಿತಿಯಲ್ಲಿ ಇದು ದೊಡ್ಡ ಪಾಲು.

ಕೊರಿಯರ್‌ನಲ್ಲಿ ಕಳಿಸುವುದಾದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ. ಆದರೆ ಹೊರಪೆಟ್ಟಿಗೆ ದೊಡ್ಡದಾದಷ್ಟೂ ದುಡ್ಡು, ಏಕೆಂದರೆ ಅವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದ ತೂಕ ಹಿಡಿಯುತ್ತಾರೆ. 22 ಸೆಂ.ಮೀ. ಘನದ ಪೆಟ್ಟಿಗೆಗೆ 2.1 ಕಿಲೊ, 20ರದಕ್ಕೆ 1.6 ಕಿಲೊ. ಒಳಗಿನ ಮಗ್ ಅದೇ 400 ಗ್ರಾಂ!

ಉತ್ತರ 4

ಇಡುವುದು, ತೊಳೆಯುವುದು. ಹಿಡಿ ಸೇರಿ ಒಂದು ಮಗ್‌ಗೆ 12 ಸೆಂ.ಮೀ. ಅಗಲ ಬೇಕು, ಮೂರಡಿ ಹಲಗೆಗೆ ಏಳು. ಒಂದರೊಳಗೊಂದು ಪೇರಿಸಬೇಡಿ: ಮೇಲಿನದರ ಮೆರುಗಿಲ್ಲದ ತಳದ ಬಳೆ ಕೆಳಗಿನದರ ಅಂಚನ್ನು, ಒಳಮೈಯನ್ನು ಗೀರುತ್ತದೆ, ಕೆಲವು ಸಲ ಸಿಕ್ಕಿಕೊಂಡು ಬಿಡಿಸುವಾಗ ಒಡೆಯುತ್ತದೆ. ಕಿಟಕಿಯ ಬಿಸಿಲು ನೇರ ಬೀಳದ ಗೋಡೆ ಆರಿಸಿ. ಕೊಕ್ಕೆಗೆ ತೂಗುಹಾಕಬಹುದು, ಆದರೆ ಹಿಡಿ ಅಂಟಿಸಿ ಸರಿಮಾಡಿದ್ದನ್ನು ಎಂದೂ ಬೇಡ. ಹಾಲೋ ಬ್ಲಾಕ್ ಗೋಡೆಯಾದರೆ ಸ್ಕ್ರೂ ಕೂರಿಸುವ ಮಾಮೂಲಿ ಪ್ಲಗ್ ಹಿಡಿತ ಬಿಡುತ್ತದೆ, ಟೊಳ್ಳುಗೋಡೆಯ ಪ್ಲಗ್ಗೇ ಕೇಳಿ ತನ್ನಿ.

ಕಾಫಿ ಕಲೆಗೆ ಅಡಿಗೆ ಸೋಡಾ ಒಂದು ಚಮಚಕ್ಕೆ ಅರ್ಧ ಚಮಚ ನೀರು ಕಲಸಿ, ಒಳಗೆ ಮಾತ್ರ, ಬೆರಳಿನಿಂದ ಉಜ್ಜಿ. ಬೆಲೆಚೀಟಿಯ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹದಿನೈದು ನಿಮಿಷ ಬಿಟ್ಟು ಒರೆಸಿ. ನೇಲ್ ಪಾಲಿಶ್ ರಿಮೂವರ್ ಬೇಡ, ಅದು ಬಳಿದ ಬಣ್ಣವನ್ನೂ ಕಿತ್ತು ತರುತ್ತದೆ. ಚಿನ್ನದ ಗೆರೆಯಿದ್ದರೆ ಮೈಕ್ರೋವೇವ್ ಬೇಡ, ಕಿಡಿ ಹಾರುತ್ತದೆ.

ಮೆರುಗಿನಲ್ಲಿ ಬಲೆಯಂಥ ಸೀಳುಗಳು ಕಂಡರೆ ಆ ಮಗ್ ಶೋಕೇಸಿಗೆ. ಒಳಗಿನ ರಂಧ್ರಮಯ ಮಣ್ಣು ನೀರು ಕುಡಿದು ಹಿಗ್ಗಿದಾಗಲೂ ಹಾಗಾಗುತ್ತದೆ. ಅಂಥದ್ದನ್ನು ಮೈಕ್ರೋವೇವ್‌ಗಿಟ್ಟರೆ ಮಣ್ಣು ಹೀರಿದ ನೀರು ಕಾದು, ಕಾಫಿಗಿಂತ ಮೊದಲು ಹಿಡಿಯೇ ಬಿಸಿಯಾಗುತ್ತದೆ.

ರಟ್ಟಿನ ಪೆಟ್ಟಿಗೆ ಎಸೆಯಬೇಡಿ, ವಿನಿಮಯದಲ್ಲಿ ಪೆಟ್ಟಿಗೆಯಿದ್ದ ಮಗ್‌ಗೆ ಬೇಡಿಕೆ ಹೆಚ್ಚು. ಮಡಚಿ, ಸಿಲಿಕಾ ಜೆಲ್ ಜೊತೆ ಜಿಪ್ ಕವರಿನಲ್ಲಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಿಟ್ಟರೆ ಬೂಸ್ಟು ಗ್ಯಾರಂಟಿ.

ಉತ್ತರ 5

ಮೇಲಿನವರು ಬಿಟ್ಟದ್ದೊಂದು. ಜೈಪುರದ ನೀಲಿ ಪಾತ್ರೆಯ (ಬ್ಲೂ ಪಾಟರಿ) ಮಗ್ ಕಂಡರೆ ಕೊಳ್ಳಿ, ಆದರೆ ನೋಡಲಿಕ್ಕೆ. ಅದು ಜೇಡಿಮಣ್ಣಿನದಲ್ಲ, ಸ್ಫಟಿಕಶಿಲೆಯ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ ಕಲಸಿ ಕಡಿಮೆ ಶಾಖದಲ್ಲಿ ಸುಟ್ಟದ್ದು, ಕುದಿಯುವ ಕಾಫಿಯ ಏಟು ದಿನವೂ ತಾಳದು. ಉತ್ತರ ಪ್ರದೇಶದ ಖುರ್ಜಾದ ಮಗ್ ದಿನಬಳಕೆಗೆ ಗಟ್ಟಿ. ಹೊಳೆಯುವ ಕೆಂಪು, ಹಳದಿ ಬಣ್ಣ ತುಟಿ ತಾಗುವ ಅಂಚಿನಲ್ಲೋ ಒಳಗೋ ಇದ್ದು, ತಳದಲ್ಲಿ ಏನೂ ಬರೆಯದ ಹಳೇ ಮಗ್‌ಗಳಲ್ಲಿ ಕುಡಿಯಬೇಡಿ. ಅಂಥ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು, ಹುಳಿ ಪಾನೀಯ ಅವನ್ನು ಬೇಗ ಎಳೆದುಕೊಳ್ಳುತ್ತದೆ.