ಡ್ಯಾಂಡೆಲಿಯನ್ ಎಲೆ ಬಸ್ಸಾರಿಗೆ ಆಗುತ್ತಾ?

ಮಿಷಿಗನ್_ಹಿತ್ತಿಲು:
ಲಾನ್ ತುಂಬ ಡ್ಯಾಂಡೆಲಿಯನ್ ಅನ್ನೋ ಹಳದಿ ಹೂವಿನ ಕಳೆ ಎದ್ದಿದೆ. ಸೊಪ್ಪಿನ ಥರ ತಿನ್ನಬಹುದು ಅಂತಾರೆ. ನಮ್ಮ ಅಡುಗೆಗೆ ಒಗ್ಗುತ್ತಾ? ಗುರುತು ಹಿಡಿಯೋದು ಹೇಗೆ? ಬೇರಿಂದ ಕಾಫಿ ಅನ್ನೋದು ನಿಜಾನಾ?

ಬೆರಕೆಸೊಪ್ಪು:
ದಂಟು ಮುರಿದು ನೋಡಿ. ಒಳಗೆ ಟೊಳ್ಳು, ಬಿಳಿ ಹಾಲು ಒಸರುತ್ತೆ, ಕವಲಿಲ್ಲ, ಎಲೆಯಿಲ್ಲ, ತುದಿಗೆ ಒಂದೇ ಹೂವು. ಎಲೆಯೆಲ್ಲ ಬುಡದಲ್ಲೇ ಹರಡಿರುತ್ತೆ, ಅಂಚು ಗರಗಸದ ಹಲ್ಲು. ಎಲೆ ಒರಟು ರೋಮದ್ದಾಗಿ ದಂಟು ಕವಲೊಡೆದಿದ್ದರೆ ಅದು ಕ್ಯಾಟ್ಸ್ ಇಯರ್ ಅನ್ನೋ ಬೇರೆ ಕಳೆ. ವಿಷವೇನಲ್ಲ, ರುಚಿ ಮಾತ್ರ ಸಪ್ಪೆ.

ಮೊಗ್ಗು ಮೂಡೋ ಮೊದಲೇ ನಡುವಿನ ಎಳೆ ಎಲೆ ಕೊಯ್ಯಿರಿ. ಹೂ ಬಿಟ್ಟ ಮೇಲೆ ಕಹಿ ಏರುತ್ತೆ. ವೀಡ್ ಆ್ಯಂಡ್ ಫೀಡ್ (ಕಳೆನಾಶಕ ಬೆರೆಸಿದ) ಗೊಬ್ಬರ ಹಾಕಿದ ಲಾನ್, ನಾಯಿ ಓಡಾಡೋ ಜಾಗ, ರಸ್ತೆಯಂಚು, ಹಳೇ ಪೇಂಟ್ ಉದುರಿದ ಗೋಡೆ ಬದಿ ಬೇಡವೇ ಬೇಡ.

ಮಂಡ್ಯದ_ಒಲೆ:
ಬಸ್ಸಾರಲ್ಲಿ ಎಡವೋದು ಒಂದೇ ಕಡೆ. ಸೊಪ್ಪು, ಬೇಳೆ ಒಟ್ಟಿಗೆ ಬೇಯಿಸಿ ಬಸಿದರೆ ಕಹಿಯೆಲ್ಲ ಕಟ್ಟಿಗಿಳಿದು ಸಾರು ಕೆಡುತ್ತೆ. ಅದಕ್ಕೇ ಸೊಪ್ಪನ್ನ ಉಪ್ಪು ನೀರಲ್ಲಿ ಬೇರೆಯಾಗಿ 3 ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಹಿಂಡಿ ಪಲ್ಯಕ್ಕೆ ಇಟ್ಕೊಳ್ಳಿ. ಸಾರಿಗೆ ಬರೀ ಬೇಳೆ ಕಟ್ಟು. ಒಂದು ಕಪ್ ತೊಗರಿಬೇಳೆಗೆ ಎರಡು ಹಿಡಿ ಡ್ಯಾಂಡೆಲಿಯನ್, ನಾಲ್ಕು ಹಿಡಿ ಪಾಲಕ್ ಅಥವಾ ದಂಟು. ಪಲ್ಯಕ್ಕೆ ಬೆಂದ ಬೇಳೆ, ಕಾಯಿತುರಿ ಧಾರಾಳವಾಗಿ ಹಾಕಿ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ಮೆಂತ್ಯಸೊಪ್ಪು, ಹಾಗಲಕಾಯಿ ತಿನ್ನೋ ಬಾಯಿಗೆ ಇದೇನು ದೊಡ್ಡ ಕಹಿಯಲ್ಲ.

ತಂಬುಳಿಯೂ ಆಗುತ್ತೆ. ಹತ್ತು ಎಳೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಅರ್ಧ ಕಪ್ ಕಾಯಿ ಜೊತೆ ರುಬ್ಬಿ, ಆರಿದ ಮೇಲೆ ಎರಡು ಕಪ್ ಮಜ್ಜಿಗೆಗೆ ಬೆರೆಸಿ. ಬಿಸಿ ಮಾಡಿದರೆ ಒಡೆಯುತ್ತೆ.

ಡಿಕಾಕ್ಷನ್_ದಪ್ಪ:
ಬೇರಿಗೆ ಅಕ್ಟೋಬರ್‌ವರೆಗೆ ಕಾಯಿರಿ. ಗಿಡ ಬೇರಲ್ಲಿ ಕೂಡಿಡೋ ಇನ್ಯುಲಿನ್ ಅನ್ನೋ ಪಿಷ್ಟದಂಥ ವಸ್ತು ಆಗಲೇ ತುಂಬಿರೋದು. ವಸಂತದಲ್ಲಿ ಅದನ್ನ ಎಲೆ, ಹೂವಿಗೆ ಖರ್ಚು ಮಾಡಿಕೊಂಡಿರುತ್ತೆ. ಹುರಿದಾಗ ಬಣ್ಣ, ಸಿಹಿ ಬರೋದು ಇದರಿಂದಲೇ. ಮಳೆ ಬಿದ್ದ ಮಾರನೇ ದಿನ ಅಗೆದರೆ ತಾಯಿಬೇರು ಉದ್ದಕ್ಕೆ ಬರುತ್ತೆ. ತುಂಡು ಉಳಿದರೆ ಮತ್ತೆ ಚಿಗುರುತ್ತೆ, ಸೊಪ್ಪು ಬೇಕಾದವರಿಗೆ ಅದೇ ಲಾಭ ಬಿಡಿ.

ಉಜ್ಜಿ ತೊಳೆದು, ಅರ್ಧ ಸೆಂಟಿಮೀಟರ್ ತುಂಡು ಮಾಡಿ, ಪಟ್ ಅಂತ ಮುರಿಯೋ ತನಕ ಒಣಗಿಸಿ. ಓವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್, ಸುಮಾರು ಅರ್ಧ ಗಂಟೆ, ನಡುನಡುವೆ ಕೈಯಾಡಿಸಿ. ಸಣ್ಣ ಚೂರು ಮೊದಲು ಕರಕಲಾಗುತ್ತೆ, ಜರಡಿ ಹಿಡಿದು ತೆಗೆದಿಡಿ. ಕೆಫೀನ್ ಇಲ್ಲ. ಇದು ಚಿಕೋರಿಯ ದಾಯಾದಿ, ಹಾಗಾಗಿ ಫಿಲ್ಟರಿಗೆ ನಾಲ್ಕು ಚಮಚ ಕಾಫಿಪುಡಿಗೆ ಒಂದು ಚಮಚ ಸಾಕು. ಪುಡಿ ತೇವ ಎಳೆದು ಗಟ್ಟಿಯಾಗುತ್ತೆ, ಬೇಕಾದಷ್ಟೇ ಪುಡಿ ಮಾಡ್ಕೊಳ್ಳಿ.

ಮಿಷಿಗನ್_ಹಿತ್ತಿಲು:
ಥ್ಯಾಂಕ್ಸ್. ಮಾವನವರು ರಕ್ತ ಹೆಪ್ಪುಗಟ್ಟದಿರೋಕೆ ವಾರ್ಫರಿನ್ ಮಾತ್ರೆ ತಗೊಳ್ತಾರೆ, ಅವರಿಗೆ ಬಡಿಸಬಹುದಾ?

ಬೆರಕೆಸೊಪ್ಪು:
ಡಾಕ್ಟರನ್ನ ಕೇಳದೆ ಬೇಡ. ಎಲೆಯಲ್ಲಿ ವಿಟಮಿನ್ ಕೆ ಜಾಸ್ತಿ, ಮಾತ್ರೆಯ ಕೆಲಸ ಕುಗ್ಗಿಸುತ್ತೆ. ಪಿತ್ತಕೋಶದ ಕಲ್ಲಿದ್ದವರು, ಸೇವಂತಿಗೆ ಜಾತಿಯ ಗಿಡಗಳಿಗೆ ಅಲರ್ಜಿ ಇರೋರೂ ದೂರ ಇರಲಿ.